ಧರ್ಮಕ್ಕಲ್ಲ, ಪಗಾರಕ್ಕೆ

ಹುಮನಾಬಾದ
೧೮ ಜೂನ್ ೧೯೩೯

ಚಿರಂಜೀವಿ ಶಕುಂತಲೆಗೆ ಅಣ್ಣ ಮಹಾರುದ್ರಪ್ಪನ ಆಶೀರ್ವಾದ.

ನಾವು ಇಲ್ಲಿ ಕ್ಷೇಮ. ನೀನು ಅಲ್ಲಿ ಕ್ಷೇಮವೆಂಬುದು ಮೋಟಾರಿನ ಕಂಡಕ್ಟರ್ ಮಚ್ಚೇಂದ್ರನಿಂದ ತಿಳಿಯಿತು. ನೀನು ಕಲ್ಯಾಣಕ್ಕೆ ಹೋಗಿ ಒಂಬತ್ತು ದಿನವಾದವು. ಧಾರವಾಡದ ಟ್ರೇನಿಂಗಿನಲ್ಲಿ ಎರಡು ವರ್ಷ ಕೂತು ಮಂದಿಯ ಮಕ್ಕಳಿಗೆ ಅಕ್ಷರ ಕಲಿಸುವುದನ್ನು ಕಲಿತೆ. ಅಣ್ಣನಿಗೆ ನಾಲ್ಕು ಅಕ್ಷರ ಬರೆಯುವ ಪಾಠ ಅಲ್ಲಿ ಇರಲಿಲ್ಲವೆಂದು ಕಾಣುತ್ತದೆ.

ನಿನ್ನ ಬಾಡಿಗೆ ಖೋಲಿಯ ಮಾಳಿಗೆ ಸೋರುತ್ತದೆಯೇ? ಬಾವಿಯ ನೀರು ಸಿಹಿಯೋ ಸವುಳೋ? ಬಾಗಿಲಿಗೆ ಒಳಗಿನಿಂದ ಚಿಲಕ ಉಂಟೇ? ಗೋಡೆಯ ಮೇಲೆ ಹಲ್ಲಿ ಎಷ್ಟು? (ನಿನ್ನ ಸ್ವಭಾವ ನನಗೆ ಗೊತ್ತು.) ಮನೆಯ ಮಾಲಕಿ ಹೇಗೆ? ಶಾಲೆಯಲ್ಲಿ ಮಕ್ಕಳೆಷ್ಟು? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ? ಎಲ್ಲದಕ್ಕೂ ಉತ್ತರ ಬೇಕು.

ಇಲ್ಲಿ ಮಳೆ ಎರಡು ಹನಿ, ಗಿರಾಕಿಯದು ಸಣ್ಣ ದನಿ. ತೊಗರಿಬೇಳೆ ತುಟ್ಟಿ, ಕೂತಿದ್ದೇನೆ ಕೈ ಕಟ್ಟಿ. ಈ ಪ್ರಾಸದ ಚಟ ಬಿಡಿ ಎಂದು ನನ್ನಾಕೆ, ನಿನ್ನ ವೈನಿ ಸಂಗಮ್ಮ, ಬೈಯುತ್ತಾಳೆ. ಎಲೆಅಡಿಕೆಯ ಚಟಕ್ಕಿಂತ ಅಗ್ಗ ಎಂದು ಹೇಳಿ ಕೂರಿಸಿದ್ದೇನೆ.

ಮಚ್ಚೇಂದ್ರನ ಮೋಟಾರಿನಲ್ಲಿ ಒಂದು ಚೀಲ ಜೋಳ, ಐದು ಸೇರು ಬೇಳೆ, ಒಂದು ಡಬ್ಬಿ ಖಾರದ ಪುಡಿ ಕಳಿಸಿದ್ದೇನೆ. ಏನು ಕಡಿಮೆಯಾದರೂ ಬರೆ. ಹದಿನಾರು ವರ್ಷಕ್ಕೆ ಗಂಡನನ್ನು ಕಳೆದುಕೊಂಡು ನೀನು ಮನೆಗೆ ಬಂದಾಗ ಬಳಗದವರು ನಿನಗೆ ತೋರಿಸಿದ್ದು ಮೂಲೆ, ನಾನು ತೋರಿಸಿದ್ದು ಶಾಲೆ. ಅಂಥ ಶಾಲೆಗೇ ಈಗ ನೀನು ಕಲಿಸುವ ಬಾಯಿಯವರಾಗಿ ಹೋಗಿದ್ದೀ. ನನ್ನ ಅಂಗಡಿಯ ಮುಂದೆ ಹಾಯುವವರೆಲ್ಲ ಸ್ವಲ್ಪ ಹೊತ್ತು ನಿಂತು ಹೋಗುತ್ತಾರೆ. ನಾನೂ ಸ್ವಲ್ಪ ಹೆಚ್ಚು ನೆಟ್ಟಗೆ ಕೂರುತ್ತೇನೆ.

ನಿನ್ನ ಅಣ್ಣ,
ಮಹಾರುದ್ರಪ್ಪ


ಕಲ್ಯಾಣ
೨೫ ಜೂನ್ ೧೯೩೯

ಪೂಜ್ಯ ಅಣ್ಣನವರಿಗೆ ಶಕುಂತಲೆಯ ಶರಣಾರ್ಥಿ.

ಉತ್ತರಗಳು, ನೀವು ಕೇಳಿದ ಕ್ರಮದಲ್ಲಿಯೇ: ಸೋರುವುದಿಲ್ಲ. ಸಿಹಿ. ಉಂಟು. ಮೂರು, ಅದರಲ್ಲಿ ಒಂದಕ್ಕೆ ಬಾಲವಿಲ್ಲ. ಮಾಲಕಿಯ ವಿಷಯ ಮುಂದೆ ಬರೆಯುತ್ತೇನೆ. ಹದಿನಾರು. ಉಣ್ಣುತ್ತೇನೆ.

ಹದಿನಾರು ಹುಡುಗಿಯರಲ್ಲಿ ಒಂಬತ್ತು ಮಂದಿ ತಮ್ಮ ತಮ್ಮಂದಿರನ್ನು ಕಂಕುಳಲ್ಲಿ ಎತ್ತಿಕೊಂಡೇ ಬರುತ್ತಾರೆ. ಹೀಗಾಗಿ ನಾನು ಹಾಜರಿ ಹೇಳುವಾಗ ಹದಿನಾರು, ಅಳು ಕೇಳುವಾಗ ಇಪ್ಪತ್ತೈದು. ದೊಡ್ಡ ಹುಡುಗಿಯರನ್ನು ಪಂಡರಿ ಮಾಸ್ತರರು ನೋಡಿಕೊಳ್ಳುತ್ತಾರೆ, ಸಣ್ಣವರನ್ನು ನಾನು. ಪೇಟೆಯ ಐದು ಮಂದಿ ವ್ಯಾಪಾರಸ್ಥರು ಕೂಡಿ ನಡೆಸುವ ಶಾಲೆ ಇದು. ಅವರಿಗೆ ಬಸವಣಪ್ಪ ಸಾವಕಾರರೇ ಅಧ್ಯಕ್ಷರು. ದೊಡ್ಡ ಮನುಷ್ಯರು, ಮೆಲ್ಲಗೆ ಮಾತಾಡುತ್ತಾರೆ, ಹೆಂಗಸರೊಡನೆ ಮಾತಾಡುವಾಗ ಗೋಡೆ ನೋಡುತ್ತಾರೆ.

ಮಾಲಕಿಯ ಹೆಸರು ದಿಲ್ಶಾದ್ ಬೇಗಂ. ಐವತ್ತು ದಾಟಿದವರು. ಮೊದಲ ದಿನ ನಾನು ಟ್ರಂಕು ಕೆಳಗಿಡುವ ಮೊದಲೇ ಬಾಗಿಲಲ್ಲಿ ನಿಂತು ಕೇಳಿದರು: "ಬಾಯಿ, ತನಖಾ ಎಷ್ಟ್ ಬರ್ತದ?"

ನಾನು ಹೇಳಿದೆ. ಅವರು ಪಗಾರದ ಅಂಕಿಯನ್ನು ಬೆರಳು ಮಡಿಚಿ ಎಣಿಸಿ, "ಹಂಗಾದ್ರ ಬಾಡಗಿ ಎರಡ್ ರೂಪಾಯಿ. ಹೆಚ್ಚ್ ಇದ್ದಿದ್ರ ಎರಡೂವರಿ ಹೇಳ್ತಿದ್ದೆ," ಎಂದು ಒಳಗೆ ಹೋಗಿ ನೀರು ತಂದುಕೊಟ್ಟರು.

ಅಣ್ಣ, ನನ್ನನ್ನು ಯಾರೂ ಇದುವರೆಗೆ ಆ ಮಾತು ಕೇಳಿರಲಿಲ್ಲ. ಕೇಳಿದಾಗ ಕಿವಿ ಬಿಸಿಯಾಯಿತು, ಸಿಟ್ಟಿನಿಂದಲ್ಲ. ಅಂಕಿಯನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಅದು ನಿಜವಾಗಿ ನನ್ನದೆನಿಸಿತು.

ನಿಮ್ಮ ಪತ್ರದಲ್ಲಿ ಏಳು ಪ್ರಶ್ನೆಗಳಿದ್ದವು. ಎರಡು ಸಲ ಎಣಿಸಿದೆ.

ವೈನಿಗೆ ಶರಣಾರ್ಥಿ.

ಶಕುಂತಲೆ


ಹುಮನಾಬಾದ
೨೦ ಜುಲೈ ೧೯೩೯

ಚಿರಂಜೀವಿ ಶಕುಂತಲೆಗೆ ಆಶೀರ್ವಾದ.

ಬಾಲವಿಲ್ಲದ ಹಲ್ಲಿಗೆ ಹೆದರಬೇಡ. ಅದು ಈಗಾಗಲೇ ಯಾರಿಗೋ ಹೆದರಿದೆ.

ನಿನ್ನ ಮಾಲಕಿಯ ಮಾತು ಓದಿ ನನಗೆ ಸರಿಬರಲಿಲ್ಲ. ನೀರು ಕೊಡುವ ಮೊದಲು ಪಗಾರ ಕೇಳುವುದು ಎಲ್ಲಿಯ ರೀತಿ? ಗಂಡಸನ್ನು ಕೇಳಿದರೆ ಅವನು ಸಾಲದ ಮಾತು ಬರುತ್ತದೆಂದು ತಿಳಿಯುತ್ತಾನೆ. ಹೆಂಗಸನ್ನು ಕೇಳುವುದಂತೂ ವಿಚಾರವಲ್ಲ, ವಿಕಾರ. ನಮ್ಮ ಮನೆಯಲ್ಲಿ ಆ ಪದ್ಧತಿ ಇಲ್ಲ. ಇನ್ನೊಮ್ಮೆ ಯಾರಾದರೂ ಕೇಳಿದರೆ ನಕ್ಕು ಸುಮ್ಮನಾಗು.

ಇಲ್ಲಿಯೂ ಇದೇ ಪೀಡೆ. ಹೋದ ವಾರ ಸಂತೆಯ ದಿನ ಬಟ್ಟೆ ಅಂಗಡಿಯವನೊಬ್ಬ ನನ್ನ ಕಟ್ಟೆಯ ಮೇಲೆ ಕೂತು, ಎಂಟು ಹತ್ತು ಮಂದಿಯ ನಡುವೆ ಬೇಕೆಂದೇ ದನಿ ಎತ್ತರಿಸಿ ಕೇಳಿದ: "ಏನ್ರಿ ಮಹಾರುದ್ರಪ್ಪ, ತಂಗಿ ನೌಕರಿ ಮಾಡಾಕತ್ತಾಳಂತ? ತಿಂಗಳಿಗಿ ಎಷ್ಟ್ ತರ್ತಾಳ?"

ನಾನು ತಕ್ಕಡಿ ಕೆಳಗಿಟ್ಟೆ. "ನಮ್ಮ ಮನ್ಯಾನ ಹೆಣ್ಮಗಳು ರೊಕ್ಕಕ್ಕ ಹೋಗಿಲ್ಲಪಾ. ಧರ್ಮಕ್ಕ ಕಲಸಾಕತ್ತಾಳ," ಎಂದೆ.

ಬೇಳೆ ಖರೀದಿಗೆಂದು ಬಂದ ನಿಮ್ಮ ಬಸವಣಪ್ಪ ಸಾವಕಾರರೂ ಅಲ್ಲಿಯೇ ಇದ್ದರು. ಅವರು ಎದ್ದು ನಿಂತು ನನಗೆ ಕೈ ಮುಗಿದರು ನೋಡು. ಅಷ್ಟು ದೊಡ್ಡ ಆಸಾಮಿ, ನನ್ನಂಥ ಬೇಳೆ ಮಾರುವವನಿಗೆ. ಆ ದಿನ ನಾನು ಊಟ ಮಾಡಲಿಲ್ಲ, ಹೊಟ್ಟೆ ತಾನಾಗಿಯೇ ತುಂಬಿತ್ತು.

ಇನ್ನೊಂದು ಚೀಲ ಜೋಳ ಬರುತ್ತಿದೆ.

ಮಹಾರುದ್ರಪ್ಪ


ಕಲ್ಯಾಣ
೨ ಅಕ್ಟೋಬರ್ ೧೯೩೯

ಪೂಜ್ಯ ಅಣ್ಣನವರಿಗೆ ಶರಣಾರ್ಥಿ.

ನಿಮ್ಮ ಜುಲೈ ತಿಂಗಳ ಪತ್ರ, ಆಗಸ್ಟಿನದು, ಸೆಪ್ಟೆಂಬರಿನದು, ಮೂರೂ ಮುಟ್ಟಿವೆ. ಜೋಳ ಮುಟ್ಟಿದೆ. ಬೇಡವೆಂದು ಬರೆಯುವ ಸ್ಥಿತಿಯಲ್ಲಿ ನಾನಿಲ್ಲ.

ಹುಡುಗಿಯರು ಇಪ್ಪತ್ತೆರಡಾದರು. ನವರಾತ್ರಿಗೆ ಊರಿಗೆ ಬರುವುದಾಗುವುದಿಲ್ಲ. ಮೋಟಾರಿನ ದರ ನನಗೆ ಹೆಚ್ಚಾಗುತ್ತದೆ.

ಬೇರೆ ವಿಶೇಷವಿಲ್ಲ.

ಶಕುಂತಲೆ


ಹುಮನಾಬಾದ
೯ ಅಕ್ಟೋಬರ್ ೧೯೩೯

ಚಿರಂಜೀವಿ ಶಕುಂತಲೆಗೆ ಆಶೀರ್ವಾದ.

ನಿನ್ನ ಪತ್ರ ಟಪಾಲಿನವನು ಕೊಟ್ಟ. ಇಷ್ಟು ಚಿಕ್ಕ ಪತ್ರಕ್ಕೆ ಇಷ್ಟು ದೊಡ್ಡ ಲಖೋಟೆ ಏಕೆ?

ಮೋಟಾರಿನ ದರ ಹೆಚ್ಚಾಗಿಲ್ಲ. ಮಚ್ಚೇಂದ್ರನನ್ನು ತಡೆದು ನಿಲ್ಲಿಸಿ ವಿಚಾರಿಸಿದೆ. ಯುದ್ಧ ಶುರುವಾಗಿ ಸೀಮೆಎಣ್ಣೆ ತುಟ್ಟಿಯಾಗಿದೆ, ಟಿಕೀಟು ಇದ್ದಂತೆಯೇ ಇದೆ ಎಂದ. ಆದ್ದರಿಂದ ಕಾರಣ ಬೇರೆ ಇರಬೇಕು. ನಾನು ಯೋಚಿಸಿ ಕಂಡುಕೊಂಡೆ: ನಿನಗೆ ಶಾಲೆಯ ಮೇಲೆ ಜೀವ ಬಿದ್ದಿದೆ, ಬಿಟ್ಟು ಬರುವ ಮನಸ್ಸಿಲ್ಲ. ಹೆಮ್ಮೆಯ ಮಾತೇ. ಆದರೆ ವೈನಿ ಹೋಳಿಗೆ ಮಾಡಿಕೊಂಡು ದಾರಿ ನೋಡುತ್ತಾಳೆ ಎಂಬುದು ನೆನಪಿರಲಿ.

ಇಲ್ಲಿ ನಿನ್ನ ಹೆಸರು ದಿನಕ್ಕೊಮ್ಮೆ ಬರುತ್ತದೆ. ಧರ್ಮಕ್ಕೆ ಕಲಿಸುವ ತಂಗಿ ಎಂದರೆ ಹುಮನಾಬಾದಿನಲ್ಲಿ ಒಬ್ಬಳೇ. ಸ್ವಾಮಿಗಳೊಬ್ಬರು ಅಂಗಡಿಗೆ ಬಂದು ವಿಚಾರಿಸಿಕೊಂಡು ಹೋದರು, ಒಂದು ಸೇರು ಬೆಲ್ಲವನ್ನೂ ಒಯ್ದರು.

ಈ ಸಲ ಎರಡು ಚೀಲ.

ಮಹಾರುದ್ರಪ್ಪ


ಕಲ್ಯಾಣ
೧೨ ನವೆಂಬರ್ ೧೯೩೯

ಪೂಜ್ಯ ಅಣ್ಣನವರಿಗೆ ಶರಣಾರ್ಥಿ.

ಈ ಲಖೋಟೆ ದೊಡ್ಡದಿದೆ, ಪತ್ರವೂ ದೊಡ್ಡದಿದೆ.

ಆಗಸ್ಟ್ ತಿಂಗಳಿಂದ ನನಗೆ ಪಗಾರವಿಲ್ಲ.

ಸೆಪ್ಟೆಂಬರ್ ಒಂದನೆಯ ತಾರೀಖು ಪಂಡರಿ ಮಾಸ್ತರರಿಗೆ ಕೊಟ್ಟರು, ನನಗೆ ಕೊಡಲಿಲ್ಲ. ಮರೆತಿರಬೇಕೆಂದು ಸುಮ್ಮನಾದೆ. ಅಕ್ಟೋಬರಿನಲ್ಲಿಯೂ ಮರೆತರು. ನವೆಂಬರ್ ಒಂದಕ್ಕೆ ನಾನೇ ಬಸವಣಪ್ಪ ಸಾವಕಾರರ ಅಂಗಡಿಗೆ ಹೋಗಿ ನಿಂತೆ. ಅವರು ಗೋಡೆ ನೋಡುತ್ತ ಬಹಳ ಮರ್ಯಾದೆಯಿಂದ ಹೇಳಿದರು: "ಬಾಯಿಯೋರ, ನಿಮ್ಮ ಅಣ್ಣಾರು ಹತ್ತ್ ಮಂದ್ಯಾಗ ಹೇಳ್ಯಾರ, ತಂಗಿ ಧರ್ಮಕ್ಕ ಕಲಸ್ತಾಳ ಅಂತ. ಅವರ ಮಾತ್ ಮೀರಿ ನಾವು ರೊಕ್ಕ ಕೊಟ್ರ, ನಾಳಿ ಅವರ ಮಾರಿ ಹ್ಯಾಂಗ ನೋಡೋದ್ರಿ?"

ಧರ್ಮಕ್ಕೆ ಎಂದರೆ ನಿಮ್ಮ ಬಾಯಲ್ಲಿ ಪುಣ್ಯ, ಅವರ ಕಿವಿಯಲ್ಲಿ ಪುಕ್ಕಟೆ. ಒಂದೇ ಮಾತು, ಹುಮನಾಬಾದಿನಲ್ಲಿ ಹೊರಟು ಕಲ್ಯಾಣಕ್ಕೆ ಇಳಿಯುವಷ್ಟರಲ್ಲಿ ಅರ್ಥ ಬದಲಾಯಿಸಿಕೊಂಡಿತು. ಸಾವಕಾರರದೇನೂ ಮೋಸವಿಲ್ಲ ಅಣ್ಣ. ನಿಮಗೆ ಕೈ ಮುಗಿದದ್ದು ನಿಜವಾಗಿಯೂ ಗೌರವದಿಂದಲೇ. ಗೌರವಕ್ಕೆ ಖರ್ಚಿಲ್ಲ ಎಂಬುದು ಅವರಿಗೆ ಆಮೇಲೆ ಹೊಳೆದಿರಬೇಕು.

ಈ ಮೂರು ತಿಂಗಳು ನಾನು ನಿಮ್ಮ ಜೋಳ ತಿಂದು ಕಲಿಸಿದ್ದೇನೆ. ಬಾಡಿಗೆ ಕೊಟ್ಟಿಲ್ಲ. ದಿಲ್ಶಾದ್ ಬೇಗಂ ಕೇಳಿಲ್ಲ. ಕೇಳದೆ ಇರುವುದು ಅವರಿಗೆ ಎಷ್ಟು ಕಷ್ಟವೆಂದು ನನಗೆ ಗೊತ್ತು.

ಡಿಸೆಂಬರ್ ಮೂರನೆಯ ತಾರೀಖು, ರವಿವಾರ, ಐದು ಮಂದಿಯ ಸಭೆ ಇದೆ. ನಿಮ್ಮ ಕೈಯಿಂದ ಒಂದು ಪತ್ರ ಬೇಕಂತೆ: ತಂಗಿ ಪಗಾರಕ್ಕೆ ಕಲಿಸುತ್ತಾಳೆ, ಧರ್ಮಕ್ಕಲ್ಲ, ಪಗಾರ ಇಷ್ಟು ಎಂದು ಅಂಕಿ ಸಹಿತ ಬರೆದಿರಬೇಕು. ಅದನ್ನು ಸಭೆಯಲ್ಲಿ ಓದುತ್ತಾರೆ. ಇಲ್ಲದಿದ್ದರೆ ನನ್ನ ಜಾಗ ಪಗಾರವಿಲ್ಲದ್ದು, ಬಿನ್‌ಪಗಾರಿ ಎಂದು ಕಾಯಮ್ಮಾಗಿ ಬರೆದುಬಿಡುತ್ತಾರೆ. ಹಾಗಾದರೆ ನಾನು ಟ್ರಂಕು ಕಟ್ಟಿಕೊಂಡು ಬರುತ್ತೇನೆ. ನೀವು ಬೇಡವೆಂದ ಮೂಲೆ ಹೇಗೂ ಇನ್ನೂ ಖಾಲಿ ಇರಬೇಕು.

ಅಂಕಿಯನ್ನು ಈ ಪತ್ರದಲ್ಲಿ ಬರೆಯುವುದಿಲ್ಲ. ಹಲ್ಲಿಯ ಲೆಕ್ಕ ಕೇಳಿದಿರಿ, ಚಿಲಕ ಕೇಳಿದಿರಿ. ಆ ಒಂದನ್ನು ಮಾತ್ರ ಕೇಳಲಿಲ್ಲ. ನಾನಾಗಿ ಹೇಳಿದರೆ ಅದು ತಕರಾರು. ನೀವು ಕೇಳಿದರೆ ಅದು ನನ್ನ ಗಳಿಕೆ. ನೀವು ಕೇಳಬೇಕು.

ಶಕುಂತಲೆ


ಹುಮನಾಬಾದ
೧೭ ನವೆಂಬರ್ ೧೯೩೯

ಚಿರಂಜೀವಿ ಶಕುಂತಲೆಗೆ.

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಮೊದಲ ಸಲ ಸಾವಕಾರನ ಮೇಲೆ ಸಿಟ್ಟು ಬಂತು, ಎರಡನೆಯ ಸಲ ನಿನ್ನ ಮೇಲೆ. ಮೂರನೆಯ ಸಲ ಯಾರ ಮೇಲೆ ಬಂತೆಂದು ಬರೆಯುವುದಿಲ್ಲ.

ಮೂರು ತಿಂಗಳು ಬಾಯಿ ಮುಚ್ಚಿಕೊಂಡು ಇದ್ದೆಯಲ್ಲ. ಒಂದು ಸಾಲು ಬರೆದಿದ್ದರೆ ನಾನು ಮರುದಿನದ ಮೋಟಾರಿಗೆ ಬರುತ್ತಿದ್ದೆ.

ಪಗಾರ ಕೇಳುವ ಮಾತಿಗೆ ಬರುತ್ತೇನೆ. ನಿನಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಸ್ವಂತ ಅಂಗಡಿ ಹಾಕುವ ಮೊದಲು ನಾನು ಚಿಟಗುಪ್ಪದಲ್ಲಿ ಒಬ್ಬರ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಮುನೀಮನಾಗಿದ್ದೆ. ನಿನ್ನ ವೈನಿಯನ್ನು ನೋಡಲು ಘಾಟಬೋರಾಳಕ್ಕೆ ಹೋದಾಗ ಅವಳ ತಂದೆ, ಊರ ಹಿರಿಯರೆಲ್ಲ ಕೂತ ಚಾಪೆಯ ಮೇಲೆ ಕೇಳಿಬಿಟ್ಟರು: "ತಮ್ಮಾ, ಪಗಾರ ಎಷ್ಟ್?" ನನಗೆ ಬರುತ್ತಿದ್ದುದು ಎಂಟು ರೂಪಾಯಿ. ಬಾಯಿಂದ ಬಂದದ್ದು ಹದಿನೈದು. ಮದುವೆ ಆಯಿತು. ಉಳಿದ ಏಳು ರೂಪಾಯಿ ಎಲ್ಲಿ ಹೋಗುತ್ತದೆಂದು ಅವಳು ಒಂದು ವರ್ಷ ಹುಡುಕಿದಳು. ನನಗೆ ಇಸ್ಪೀಟಿನ ಚಟವಿದೆ ಎಂದು ತವರಿಗೆ ಹೇಳಿ ಕಳಿಸಿದಳು. ಎಂಟೇ ಎಂದು ಹೇಳುವುದಕ್ಕಿಂತ ಇಸ್ಪೀಟು ಆಡುತ್ತೇನೆ ಎನ್ನಿಸಿಕೊಳ್ಳುವುದು ನನಗೆ ಹಗುರಾಗಿ ಕಂಡಿತು.

ಅಂದೇ ನಿಶ್ಚಯಿಸಿದೆ. ಪಗಾರ ಕೇಳುವುದೆಂದರೆ ಎದುರಿಗಿನವನನ್ನು ಸುಳ್ಳಿಗೆ ನೂಕುವುದು. ನಾನು ಯಾರನ್ನೂ ಕೇಳುವುದಿಲ್ಲ. ನಿನ್ನನ್ನು ಕೇಳದೆ ಇದ್ದುದೂ ಅದಕ್ಕೇ. ಕಡಿಮೆ ಇದ್ದರೆ ನೀನು ಹೇಳಲು ಕುಗ್ಗಬಾರದು ಎಂದು.

ಈಗ ಪರಿಹಾರ. ಆ ಐದು ಮಂದಿಯ ಹಂಗೇ ಬೇಡ. ಅವರು ಕೊಡುತ್ತಿದ್ದುದಕ್ಕಿಂತ ಹೆಚ್ಚೇ ಇದ್ದೀತು, ತಿಂಗಳಿಗೆ ಇಪ್ಪತ್ತು ರೂಪಾಯಿ ನಾನೇ ಕಳಿಸುತ್ತೇನೆ. ನೀನು ಕಲಿಸುತ್ತ ಇರು. ನನ್ನ ಮಾತೂ ಉಳಿಯಿತು, ನಿನ್ನ ಶಾಲೆಯೂ ಉಳಿಯಿತು. ಮೊದಲ ಇಪ್ಪತ್ತು ರೂಪಾಯಿಯನ್ನು ಈ ಸಲದ ಜೋಳದ ಚೀಲದಲ್ಲಿಯೇ ಇಟ್ಟಿದ್ದೇನೆ. ಮಚ್ಚೇಂದ್ರನಿಗೆ ಹೇಳಿಲ್ಲ.

ಮಹಾರುದ್ರಪ್ಪ


ಕಲ್ಯಾಣ
೨೦ ನವೆಂಬರ್ ೧೯೩೯

ಪೂಜ್ಯ ಅಣ್ಣನವರಿಗೆ ಶರಣಾರ್ಥಿ.

ಚೀಲ ಬಿಚ್ಚದೆ ಮಚ್ಚೇಂದ್ರನ ಮೋಟಾರಿಗೆ ವಾಪಸು ಹಾಕಿದ್ದೇನೆ. ರೂಪಾಯಿ ಒಳಗೇ ಇವೆ.

ನೀವು ಎಂಟಕ್ಕೆ ಹದಿನೈದು ಹೇಳಿದಿರಿ. ನಿಮ್ಮದು, ನಿಮ್ಮ ಇಷ್ಟ. ನನ್ನ ಪಗಾರವನ್ನು ನೀವು ಯಾರನ್ನೂ ಕೇಳದೆ ಸೊನ್ನೆ ಎಂದು ಹೇಳಿದಿರಿ. ಕೇಳಿದರೆ ನಾನು ಸುಳ್ಳು ಹೇಳೇನು ಎಂದು ಹೆದರಿದಿರಂತೆ. ಕೇಳದೆ ನೀವೇ ಆ ಸುಳ್ಳು ಹೇಳಿದಿರಿ.

ನನ್ನ ಕೆಲಸಕ್ಕೆ ನೀವು ಪಗಾರ ಕೊಟ್ಟರೆ ನಾನು ನಿಮ್ಮ ಮನೆಯಲ್ಲಿ ಉಣ್ಣುವ ತಂಗಿಯೇ ಆದೆ, ಕಲ್ಯಾಣದಲ್ಲಿ ಕೂತು ಉಣ್ಣುತ್ತೇನೆ ಅಷ್ಟೆ. ಈ ಊರು ಬಸವಣ್ಣನವರದು. ಕೆಲಸ ಮಾಡಿದವರು ಕೂಲಿ ಪಡೆಯಲು ತಲೆ ತಗ್ಗಿಸಬೇಕಾಗಿಲ್ಲ ಎಂಬುದನ್ನು ಕಲಿತ ಊರಿನಲ್ಲಿ ನಾನು ಮೂರು ತಿಂಗಳಿಂದ ತಲೆ ತಗ್ಗಿಸಿ ನಡೆಯುತ್ತಿದ್ದೇನೆ.

ಹದಿಮೂರು ದಿನ ಉಳಿದಿವೆ.

ಶಕುಂತಲೆ


ಹುಮನಾಬಾದ
೨೪ ನವೆಂಬರ್ ೧೯೩೯

ಚಿರಂಜೀವಿ ಶಕುಂತಲೆಗೆ.

ಈ ಪತ್ರ ನನ್ನ ಅಕ್ಷರದಲ್ಲಿದೆ, ಮಾತು ನನ್ನದಲ್ಲ. ನಿನ್ನ ವೈನಿಗೆ ಬರೆಯಲು ಬಾರದು. ಚೀಲ ವಾಪಸು ಬಂದದ್ದನ್ನು ನೋಡಿ, ನಿನ್ನ ಪತ್ರಗಳನ್ನೆಲ್ಲ ನನ್ನಿಂದ ಓದಿಸಿಕೊಂಡು, ತಾನು ಹೇಳಿದ್ದನ್ನು ಹೇಳಿದಂತೆಯೇ ಬರೆಯಬೇಕೆಂದು ಎದುರಿಗೆ ಕೂತಿದ್ದಾಳೆ. ಒಂದು ಅಕ್ಷರ ತಪ್ಪಿದರೆ ಗೊತ್ತಾಗುತ್ತದಂತೆ. ಹೇಗೆ ಗೊತ್ತಾಗುತ್ತದೆಂದು ಕೇಳಲಿಲ್ಲ. ಬರೆಯುತ್ತೇನೆ:

"ಶಕುಂತಲಾ, ನಿಮ್ಮ ಅಣ್ಣಾರು ಎರಡ್ ದಿನದಿಂದ ಉಂಡಿಲ್ಲ. ಉಣ್ಣಲಾರದ್ದು ನಿನ್ನ ಮ್ಯಾಲಿನ ಸಿಟ್ಟಿಗಲ್ಲ. ನನಗ ಎಂಟ್ ಅಂತ ಲಗ್ನದ ಹದಿನೈದನೇ ದಿನಾನ ಗೊತ್ತಾಗಿತ್ತು. ಅಡತಿಯವನ ಹೇಣ್ತಿ ಹೇಳಿದ್ಲು. ಇವರ ಬಾಯಿಲೆ ಬರ್ಲಿ ಅಂತ ಒಂದ್ ವರ್ಷ ದಾರಿ ನೋಡ್ದೆ, ಇಸ್ಪೀಟಿನ ಮಾತೂ ಅದಕ್ಕೇ ತಗದೆ. ಬರ್ಲಿಲ್ಲ. ಎಂಟೇ ಅಂದಿದ್ರೂ ನಾ ಇದೇ ಮನಿಗಿ ಬರ್ತಿದ್ದೆ. ಖರೇ ಕೇಳಿದ್ರ ಹೇಳ್ತಿದ್ದೆ, ಇವರು ಕೇಳ್ಲಿಲ್ಲ."

ಇಲ್ಲಿ ನಾನು ಲೆಕ್ಕಣಿಕೆ ಕೆಳಗಿಟ್ಟೆ. ಅವಳು ಎತ್ತಿ ಕೈಗೆ ಕೊಟ್ಟಳು.

"ಈಗ ಕೇಳ್ತಾರ. ನಾ ಹೇಳೀನಿ, ಲಖೋಟ್ಯಾಗ ಬ್ಯಾಡ, ಕಾರ್ಡಿನ ಮ್ಯಾಲ ಬರೀರಿ ಅಂತ. ಧರ್ಮಕ್ಕ ಅಂತ ಹತ್ತ್ ಮಂದಿ ಕೇಳೂವಂಗ ಹೇಳಿದವರು, ಪಗಾರ ಎಷ್ಟಂತ ಹತ್ತ್ ಮಂದಿ ಓದೂವಂಗ ಕೇಳ್ಬೇಕು. ನೀನೂ ಕಾರ್ಡಿನ ಮ್ಯಾಲೇ ಹೇಳು."

ಇಷ್ಟೇ ಅವಳು ಹೇಳಿ ಬರೆಸಿದ್ದು. ನನ್ನದೇನೂ ಸೇರಿಸಬಾರದೆಂದು 'ಮುಗಿಯಿತು' ಎಂದು ಬರೆಸಿಕೊಂಡಿದ್ದಾಳೆ.

ಮುಗಿಯಿತು.


[ಕಾರ್ಡು]

ಹುಮನಾಬಾದ
೨೫ ನವೆಂಬರ್ ೧೯೩೯

ಚಿರಂಜೀವಿ ಶಕುಂತಲೆಗೆ ಅಣ್ಣನ ಆಶೀರ್ವಾದ.

ನಿನಗೆ ಪಗಾರ ಎಷ್ಟು?

ಮಹಾರುದ್ರಪ್ಪ
ಬೇಳೆ ವ್ಯಾಪಾರಿ, ಹುಮನಾಬಾದ


[ಕಾರ್ಡು]

ಕಲ್ಯಾಣ
೨೭ ನವೆಂಬರ್ ೧೯೩೯

ಪೂಜ್ಯ ಅಣ್ಣನವರಿಗೆ ಶರಣಾರ್ಥಿ.

ತಿಂಗಳಿಗೆ ಹದಿನೆಂಟು ಹಾಲಿ ರೂಪಾಯಿ. ಇಂಗ್ರೇಜರ ಕಲ್ದಾರ್ ಅಲ್ಲ, ನಿಜಾಮರ ಹಾಲಿ. ಇಪ್ಪತ್ತೆರಡು ಹುಡುಗಿಯರಿಗೆ, ಅವರು ಎತ್ತಿಕೊಂಡು ಬರುವ ತಮ್ಮಂದಿರನ್ನು ಬಿಟ್ಟು.

ನಿಮ್ಮ ಕಾರ್ಡನ್ನು ಟಪಾಲಿನವರು ಓದಿಯೇ ಕೊಟ್ಟರು. ಓದಿದ್ದನ್ನು ಮುಚ್ಚಿಡಲೂ ಇಲ್ಲ. ಮನೆಯ ಹೊಸ್ತಿಲಲ್ಲಿಯೇ ನಿಂತು "ಎಷ್ಟ್ ಬರ್ತದ್ರಿ ಬಾಯಿಯೋರ?" ಎಂದರು. ಹೇಳಿದೆ.

ಶಕುಂತಲಾಬಾಯಿ
ಬಾಯಿಯವರು, ಹೆಣ್ಣುಮಕ್ಕಳ ಶಾಲೆ, ಕಲ್ಯಾಣ


ಕಲ್ಯಾಣ
೪ ಡಿಸೆಂಬರ್ ೧೯೩೯

ಪೂಜ್ಯ ಅಣ್ಣನವರಿಗೂ ವೈನಿಯವರಿಗೂ ಶಕುಂತಲೆಯ ಶರಣಾರ್ಥಿ.

ಸಭೆ ನಿನ್ನೆ ಆಯಿತು. ಶಾಲೆಯ ಪಡಸಾಲೆಯಲ್ಲಿ ಐದು ಮಂದಿ ಗಾದಿಯ ಮೇಲೆ, ಪಂಡರಿ ಮಾಸ್ತರರು ಕಂಬದ ಹತ್ತಿರ, ನಾನು ಬಾಗಿಲ ಹತ್ತಿರ. ಕರೆಯದಿದ್ದರೂ ದಿಲ್ಶಾದ್ ಬೇಗಂ ಬಂದು ನನ್ನ ಹಿಂದೆ ಕೂತರು. ನಾಲ್ಕು ತಿಂಗಳ ಬಾಡಿಗೆ ಬರಬೇಕಾದವರು, ಅವರಿಗಿಂತ ಹೆಚ್ಚಿನ ಹಕ್ಕು ಆ ಸಭೆಯಲ್ಲಿ ಯಾರಿಗಿತ್ತು?

ನೀವು ಸಭೆಗೆಂದು ಕಳಿಸಿದ ಪತ್ರವನ್ನು ಬಸವಣಪ್ಪ ಸಾವಕಾರರೇ ಓದಿದರು. ನೀವು ಬರೆದದ್ದು ನಿಮಗೆ ಗೊತ್ತು. ಅದು ಅವರ ದನಿಯಲ್ಲಿ ಹೇಗೆ ಕೇಳಿಸಿತು ಎಂದು ಬರೆಯುತ್ತೇನೆ. "ನನ್ನ ತಂಗಿ ಕಲಿಸುವುದು ಪಗಾರಕ್ಕೆ. ಧರ್ಮಕ್ಕೆ ಎಂದದ್ದು ನಾನು, ಅವಳನ್ನು ಕೇಳದೆ ಎಂದದ್ದು. ನನ್ನ ಮಾನಕ್ಕಾಗಿ ಎಂದೆ, ಅವಳ ಅನ್ನ ಹೋಯಿತು. ಈಗ ಕೇಳಿದ್ದೇನೆ. ಹದಿನೆಂಟು ಹಾಲಿ ರೂಪಾಯಿ." ಮಾನ ಎಂಬಲ್ಲಿ ಸಾವಕಾರರು ಸ್ವಲ್ಪ ತಡೆದರು. ಪ್ರಾಸವಿಲ್ಲದ ನಿಮ್ಮ ಪತ್ರ ನಾನು ಕೇಳಿದ್ದು ಇದೇ ಮೊದಲು.

ಆಮೇಲೆ ಎಲ್ಲ ಸಲೀಸಾಯಿತು. ತಪ್ಪು ತಿಳುವಳಿಕೆ ಎಂದರು. ನಾಲ್ಕು ತಿಂಗಳ ಬಾಕಿ, ಎಪ್ಪತ್ತೆರಡು ರೂಪಾಯಿ, ಅಲ್ಲಿಯೇ ಎಣಿಸಿ ಕೊಡುವುದೆಂದಾಯಿತು. ಅಷ್ಟಕ್ಕೇ ನಿಂತಿದ್ದರೆ ಎಲ್ಲರೂ ಚಹ ಕುಡಿದು ಏಳುತ್ತಿದ್ದರು. ಆದರೆ ಸಾವಕಾರರಿಗೆ ನನ್ನನ್ನು ಸಮಾಧಾನ ಮಾಡುವ ಮನಸ್ಸಾಯಿತು. "ಹದಿನೆಂಟ್ ಅಂದ್ರ ಕಮ್ಮಿ ಅಲ್ಲ್ರಿ ಬಾಯಿಯೋರ. ನಮ್ಮ ಮಾಸ್ತರರಿಗಿ ಕೊಟ್ಟಂಗೇ ನಿಮಗೂ ಕೊಟ್ಟೀವಿ," ಎಂದರು.

ನಾನು ಕೇಳಿದೆ: "ಮಾಸ್ತರರಿಗಿ ಎಷ್ಟ್ರಿ?"

ಅಣ್ಣ, ಗಾದಿಯ ಮೇಲಿನ ಐದೂ ಮಂದಿ ಏಕಕಾಲಕ್ಕೆ ಗೋಡೆ ನೋಡಿದರು. ಸಾವಕಾರರು ಮೆಲ್ಲಗೆ ಹೇಳಿದರು, "ಇನ್ನೊಬ್ಬರ ಪಗಾರ ಕೇಳೋದು ಹೆಣ್ಮಕ್ಳಿಗಿ ಚಂದ ಕಾಣಂಗಿಲ್ಲ್ರಿ."

"ನಂದು ಆರ್ ತಿಂಗಳು ನಮ್ಮ ಮನ್ಯಾಗ ಯಾರೂ ಕೇಳ್ಲಿಲ್ಲ್ರಿ ಸಾವಕಾರ್ರ. ಅದೂ ಚಂದ ಕಾಣ್ಲಿಲ್ಲ," ಎಂದೆ.

ಆಗ ಪಂಡರಿ ಮಾಸ್ತರರು ಕಂಬದ ಹತ್ತಿರದಿಂದ ಹೇಳಿದರು: "ಇಪ್ಪತ್ತನಾಕ್ರಿ." ಅಷ್ಟು ಹೇಳಿ ತಮ್ಮ ಟೊಪ್ಪಿಗೆ ತೆಗೆದು ಒಳಗೇನಿದೆ ಎಂದು ನೋಡುತ್ತ ಕೂತರು. ಹಿಂದಿನಿಂದ ದಿಲ್ಶಾದ್ ಬೇಗಂ, ಯಾರಿಗೂ ಅಲ್ಲ ಎಂಬಂತೆ, "ಆರ್ ರೂಪಾಯಿ ಟೊಪಗೀದು," ಎಂದರು.

ಯಾರೋ ಕೆಮ್ಮಿದರು. ಆರು ರೂಪಾಯಿಯ ಮಾತು ಯುಗಾದಿಯ ನಂತರ ನೋಡೋಣ ಎಂದು ಎದ್ದರು. ಏಳುವ ಮೊದಲು ಎಪ್ಪತ್ತೆರಡನ್ನೂ ನನ್ನ ಕೈಗೇ ಎಣಿಸಿ ಹಾಕಿಸಿಕೊಂಡೆ. ಮೊದಲಿನ ಎರಡು ತಿಂಗಳು ಮಾಸ್ತರರ ಕೈಯಲ್ಲಿ ಕಾಗದದ ಪೊಟ್ಟಣ ಕಟ್ಟಿ ಕಳಿಸುತ್ತಿದ್ದರು, ಹೆಂಗಸಿನ ಕೈಗೆ ರೊಕ್ಕ ಕೊಡುವುದು ಕಾಣಬಾರದೆಂದು. ನಿನ್ನೆ ಎಲ್ಲರಿಗೂ ಕಂಡಿತು.

ಬಾಡಿಗೆ ಕೊಟ್ಟೆ. ಬೇಗಂ ಎರಡು ಸಲ ಎಣಿಸಿದರು.

ಯುಗಾದಿಯ ನಂತರ ಎಂದವರು ಯುಗಾದಿಗೆ ಮರೆಯುತ್ತಾರೆ. ಅವರಿಗೆ ನೆನಪು ಮಾಡುವುದು ಹೇಗೆಂದು ಯೋಚಿಸುತ್ತಿದ್ದೇನೆ. ನೀವು ನನ್ನ ಪರವಾಗಿ ಏನೂ ಬರೆಯಬೇಡಿ. ಇದನ್ನು ನಾನು ಕೇಳಬೇಕು.

ಶಕುಂತಲೆ


ಹುಮನಾಬಾದ
೧೦ ಡಿಸೆಂಬರ್ ೧೯೩೯

ಚಿರಂಜೀವಿ ಶಕುಂತಲೆಗೆ ಅಣ್ಣ ವೈನಿಯರ ಆಶೀರ್ವಾದ.

ನಿನ್ನ ಪತ್ರವನ್ನು ಅಂಗಡಿಯ ಕಟ್ಟೆಯ ಮೇಲೆ ಕೂತು ಓದಿದೆ. ಸುಮ್ಮನೆ ಓದಿಕೊಳ್ಳಲು ಆಗಲಿಲ್ಲ, ಬಾಯಿಬಿಟ್ಟು ಓದಿದೆ. ಟೊಪ್ಪಿಗೆಯ ಮಾತು ಬಂದಾಗ ಬಟ್ಟೆ ಅಂಗಡಿಯವನೂ ನಕ್ಕ, ತನ್ನ ಟೊಪ್ಪಿಗೆ ಮುಟ್ಟಿ ನೋಡಿಕೊಂಡ.

ನಿನ್ನ ಪರವಾಗಿ ನಾನು ಏನೂ ಬರೆಯುವುದಿಲ್ಲ. ಒಮ್ಮೆ ನಿನ್ನ ಪರವಾಗಿ ಮಾತಾಡಿ ನೋಡಿದ್ದೇನಲ್ಲ. ಹತ್ತು ವರ್ಷದ ಹಿಂದೆ ನಿನ್ನನ್ನು ಶಾಲೆಗೆ ಕಳಿಸಿದ್ದು ನಾನು ಎಂದು ಇಡೀ ಪೇಟೆಗೆ ಹೇಳಿಕೊಂಡು ತಿರುಗಿದೆ. ಆ ಪಡಸಾಲೆಯ ಬಾಗಿಲಲ್ಲಿ ನಿಂತು ಕೇಳಿದವಳು ನೀನು. ಅದು ನನ್ನ ಗಳಿಕೆಯಲ್ಲ, ನಿನ್ನದು. ಆದರೂ ನನಗೆ ಹೆಮ್ಮೆ. ಇದಕ್ಕೆ ನಿನ್ನ ಅಪ್ಪಣೆ ಬೇಕಾಗಿಲ್ಲ.

ನಿನ್ನ ವೈನಿ ಒಂದು ಮಾತು ಹೇಳಿದಳು: ಕೇಳುವುದಾದರೆ ಕಾರ್ಡಿನ ಮೇಲೆ ಕೇಳಲಿ, ತಿಂಗಳಿಗೊಂದು. ಸಾವಕಾರರ ಅಂಗಡಿ ಶಾಲೆಯಿಂದ ಎರಡೇ ಓಣಿ ಆಚೆ ಇದ್ದರೂ ಟಪಾಲಿಗೇ ಹಾಕಲಿ. ಎರಡು ಓಣಿಯ ನಡುವೆ ಓದುವವರು ಬಹಳ ಇರುತ್ತಾರೆ.

ಆದ್ದರಿಂದ ಈ ಸಲ ಜೋಳವಿಲ್ಲ. ಜೋಳವನ್ನು ನೀನೇ ಕೊಂಡುಕೊ. ರೊಕ್ಕವಿದೆ, ಊರಲ್ಲಿ ಅಂಗಡಿಗಳಿವೆ. ಈ ಲಖೋಟೆಯಲ್ಲಿ ಹನ್ನೆರಡು ಖಾಲಿ ಕಾರ್ಡು ಇಟ್ಟಿದ್ದೇನೆ. ಏನು ಬರೆಯಬೇಕೆಂದು ಹೇಳುವುದಿಲ್ಲ.

ಮಹಾರುದ್ರಪ್ಪ


[ಕಾರ್ಡು]

ಕಲ್ಯಾಣ
೧೦ ಏಪ್ರಿಲ್ ೧೯೪೦

ಪೂಜ್ಯ ಅಣ್ಣ ವೈನಿಯವರಿಗೆ ಯುಗಾದಿಯ ಶರಣಾರ್ಥಿ.

ಇಪ್ಪತ್ತನಾಲ್ಕು.

ಜನವರಿ, ಫೆಬ್ರುವರಿ, ಮಾರ್ಚ್, ಏಪ್ರಿಲ್, ನಾಲ್ಕೇ ಕಾರ್ಡು ಖರ್ಚಾದವು. ನಾಲ್ಕನೆಯದನ್ನು ಸಾವಕಾರರು ಓದುವ ಮೊದಲೇ ಅವರ ಅಂಗಡಿಗೆ ಬಂದ ಗಿರಾಕಿಗಳು ಬಾಯಿಪಾಠ ಒಪ್ಪಿಸಿದರಂತೆ. ಉಳಿದ ಎಂಟನ್ನು ಜೋಪಾನವಾಗಿ ಟ್ರಂಕಿನಲ್ಲಿ ಇಟ್ಟಿದ್ದೇನೆ. ಪಂಡರಿ ಮಾಸ್ತರರಿಗೆ ಜೂನಿನಿಂದ ಇಪ್ಪತ್ತೆಂಟು ಆಗುತ್ತದಂತೆ. ಅವರೇ ಬಂದು ಹೇಳಿ ಹೋದರು, ನಾನು ಕೇಳಿರಲಿಲ್ಲ.

ಶಕುಂತಲಾಬಾಯಿ